ಮೇಲಧಿಕಾರಿಗೆ ಎದುರಾಡಿದ ಒಂದು ಸಂದರ್ಭ

ಅಮೆರಿಕಕ್ಕೆ ಹೋಗಿ ಎಂ.ಬಿ.ಎ. ಓದುವ ಹುಚ್ಚು ಹಿಡಿದಾಗ ನನಗೆ ಮೂವತ್ತೊಂದು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದವನು ಅಂಧೇರಿಯ ಒಂದು ಪಂಪು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಬೋರ್ಡಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದೆ. ಪಂಪಿನ ಹೊಟ್ಟೆಯೊಳಗೆ ನೀರು ಹೇಗೆ ತಿರುಗುತ್ತದೆಂದು ನಾನು ಬಲ್ಲೆ. ಆದರೆ ಯಾವ ಪಂಪು ಮಾಡಬೇಕು, ಯಾರಿಗೆ ಮಾರಬೇಕು ಎಂದು ತೀರ್ಮಾನಿಸುವ ಕೋಣೆಗೆ ನನ್ನನ್ನು ಯಾರೂ ಕರೆದವರಿಲ್ಲ. ಆ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಬೇಕಿತ್ತು, ಅಷ್ಟೇ. ಇದ್ದಲ್ಲೇ ಇದ್ದರೆ ಬೋರ್ಡಿನ ಮುಂದೆಯೇ ತಲೆ ನರೆಯುತ್ತದೆಂಬುದು ಖಾತ್ರಿಯಾಗಿತ್ತು.

ಪ್ರವೇಶ ಪರೀಕ್ಷೆಗೆ ಓದಿದ್ದು ಪಾರ್ಲೆಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ಬೆಳಗಿನ ಹೊತ್ತು. ಪಾರ್ಲೆಯಿಂದ ಅಂಧೇರಿ ಒಂದೇ ಸ್ಟೇಷನ್, ಲೋಕಲ್‌ನಲ್ಲಿ ಪುಸ್ತಕ ಬಿಡಿಸುವುದರೊಳಗೆ ಇಳಿಯಬೇಕು. ಅಂಕ ಚೆನ್ನಾಗಿಯೇ ಬಂತು. ಸೀಟು ಸಿಕ್ಕರೆ ವಿದ್ಯಾರ್ಥಿವೇತನವೂ ಉಂಟು, ಆದರೆ ಮೂವತ್ತಮೂರು ತುಂಬಿದವರಿಗೆ ಇಲ್ಲ ಎಂದು ಬರೆದಿತ್ತು. ಉಳಿದದ್ದು ಒಂದೇ ಕೆಲಸ: ಮೇಲಧಿಕಾರಿಯಿಂದ ನನ್ನ ಬಗ್ಗೆ ಶಿಫಾರಸು ಪತ್ರ.

ನಮ್ಮ ಸಾಹೇಬರು ಧಾರವಾಡದ ಕಡೆಯವರು. ನಾನೂ ಕನ್ನಡದವನೆಂದು ವಿಶ್ವಾಸದಿಂದಲೇ ನಡೆಸಿಕೊಂಡಿದ್ದರು. ಆ ಪತ್ರದ ಫಾರ್ಮನ್ನು ಕೈಯಿಂದಲೂ ಮುಟ್ಟದೆ, "ನೀನ ಬರದು ಟೈಪ್ ಮಾಡಿಸ್ಕೊಂಡ ಬಾರಪಾ, ನಾ ಸಹಿ ಹಾಕ್ತೇನಿ," ಎಂದರು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಆಫೀಸುಗಳಲ್ಲಿ ಸರ್ಟಿಫಿಕೇಟು ಬೇಕಾದವನೇ ಅದನ್ನು ಬರೆದುಕೊಳ್ಳುವುದು ಪದ್ಧತಿ. ಹೊಗಳಿಕೆ ನಮ್ಮದು, ಸಹಿ ದೊಡ್ಡವರದು.

ಭಾನುವಾರ ಊಟದ ಮೇಜಿನ ಮೇಲೆ ಫಾರ್ಮು ಹರಡಿಕೊಂಡು ಕೂತೆ. ನಾಲ್ಕನೆಯ ಪ್ರಶ್ನೆಗೆ ಪೆನ್ನು ನಿಂತಿತು. ಅಭ್ಯರ್ಥಿಯು ನಿಮ್ಮ ನಿರ್ಧಾರವನ್ನು ವಿರೋಧಿಸಿದ ಒಂದು ಸಂದರ್ಭವನ್ನು ವಿವರಿಸಿ. ಹೆಂಡತಿಗೆ ಓದಿ ಹೇಳಿದೆ.

"ಇದೇನ್ರೀ, ಜಗಳಗಂಟನಾ ಅಂತ ಪತ್ತೆ ಮಾಡ್ತಿದಾರಾ?" ಎಂದಳು. "ಯೂನಿಯನ್ ಗೀನಿಯನ್ ಅಂತ ಓಡಾಡೋರು ಬೇಡ ಅಂತಿರಬೇಕು. ಹುಷಾರಾಗಿ ಬರೀರಿ."

ನನಗೂ ಹಾಗೇ ಅನಿಸಿತು. ಹುಷಾರಾಗಿಯೇ ಬರೆದೆ: ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ಇಲ್ಲ, ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತಾರೆ, ಎದುರು ಮಾತಿಲ್ಲ. ಬರೆದು ಮುಗಿಸಿ ಹೆಮ್ಮೆಪಟ್ಟೆ ಎನ್ನಲು ಈಗ ನಾಚಿಕೆಯಾಗುತ್ತದೆ. ದಾದರ್ ಸ್ಟೇಷನ್ನಿನ ಹೊರಗೆ ಟೈಪ್ ಮಾಡಿಕೊಡುತ್ತಿದ್ದ ಮುದುಕ, ಜೀವಮಾನವಿಡೀ ಇಂಥ ಅರ್ಜಿಗಳನ್ನೇ ಬಡಿದವನು, ಹಾಳೆಯನ್ನು ಮೆಷಿನ್ನಿನಿಂದ ಎಳೆದು, "ಏಕ್‌ದಮ್ ಬರಾಬರ್, ಸಾಬ್," ಎಂದ. ಸಾಹೇಬರು ಓದದೆಯೇ ಸಹಿ ಹಾಕಿದರು.

ನಾಲ್ಕು ತಿಂಗಳ ನಂತರ ವಿಷಾದ ಸೂಚಿಸುವ ಕಾಗದ ಬಂತು.

ಫೋರ್ಟ್ ಕಡೆಯ ಒಂದು ಲೈಬ್ರರಿಯಲ್ಲಿ ವಿದೇಶಕ್ಕೆ ಓದಲು ಹೋಗುವವರಿಗೆ ಸಲಹೆ ಕೊಡುವ ಪಾರ್ಸಿ ಹೆಂಗಸೊಬ್ಬರಿದ್ದರು. ನನ್ನ ಅರ್ಜಿಯ ಕಾರ್ಬನ್ ಪ್ರತಿಗಳನ್ನು ಅವರ ಮುಂದೆ ಇಟ್ಟೆ. ಅಂಕ ನೋಡಿ ತಲೆದೂಗಿದರು. ನಾಲ್ಕನೆಯ ಪ್ರಶ್ನೆಗೆ ಬಂದಾಗ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇಂಥವನನ್ನು ಅವರು ಸಂತೋಷವಾಗಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಮ್ಯಾನೇಜರ್ ಆಗಲು ಯಾಕೆ ಓದಿಸುತ್ತಾರೆ?" ಎಂದರು. ಇನ್ನೊಂದು ಸಲ ಅರ್ಜಿ ಹಾಕಿ ಎಂದೂ ಹೇಳಿದರು. "ಒಂಬತ್ತು ವರ್ಷದಲ್ಲಿ ಒಂದಾದರೂ ಇರಲೇಬೇಕಲ್ಲ?"

ಹುಡುಕಿದೆ. ಮುಂದಿನ ವರ್ಷದ ಅರ್ಜಿಯ ಹೊತ್ತಿಗೆ ನನಗೆ ಮೂವತ್ತೆರಡು, ಅದೇ ಕೊನೆಯ ಅವಕಾಶ. ಬೋರ್ಡಿನ ಮುಂದೆ, ಊಟಕ್ಕೆ ಕೂತಾಗ, ಪ್ಲಾಟ್‌ಫಾರ್ಮಿನ ಮೇಲೆ, ಎಲ್ಲೆಂದರಲ್ಲಿ ನನ್ನ ಒಂಬತ್ತು ವರ್ಷವನ್ನು ತಿರುವಿಹಾಕಿದೆ. ಎಷ್ಟೋ ಸಲ ಮನಸ್ಸಿನಲ್ಲಿ ಎದುರಾಡಿದ್ದೆ. ಒಮ್ಮೆಯಂತೂ ಒಂದು ದೊಡ್ಡ ಪಂಪಿನೊಳಗೆ ತಿರುಗುವ ಶಾಫ್ಟು ತೆಳುವಾಯಿತೆಂದು ಲೆಕ್ಕ ಹಾಕಿ, ಎರಡು ಪುಟ ಟಿಪ್ಪಣಿಯನ್ನೂ ಬರೆದಿದ್ದೆ. ಸಾಹೇಬರೇ ಒಪ್ಪಿಗೆ ಕೊಟ್ಟ ಡ್ರಾಯಿಂಗು, ಅವರಿಗೆ ತಿಳಿಯದ್ದು ನನಗೇನು ತಿಳಿದೀತೆಂದು ಅದನ್ನು ಡ್ರಾಯರಿಗೆ ಹಾಕಿ ಸುಮ್ಮನಾದೆ. ವರ್ಷ ತುಂಬುವ ಮೊದಲೇ ಮೂರು ಪಂಪು ಶಾಫ್ಟು ಮುರಿದುಕೊಂಡು ವಾಪಸು ಬಂದವು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹಾಗೆ ನೋಡಿದರೆ ಎದುರಾಡಿದ ಸಂದರ್ಭ ಅರ್ಧ ಇತ್ತು. ಉಳಿದರ್ಧವನ್ನು ನಾನೇ ಸೇರಿಸಿದೆ. ಶಾಫ್ಟಿನ ವಿಷಯದಲ್ಲಿ ಅಭ್ಯರ್ಥಿ ಲಿಖಿತವಾಗಿ ನನ್ನನ್ನು ವಿರೋಧಿಸಿದರು, ಅವರು ಹೇಳಿದ್ದೇ ಸರಿಯಾಗಿತ್ತು ಎಂದು ಸಾಹೇಬರ ಹೆಸರಿನಲ್ಲಿ ಟೈಪ್ ಮಾಡಿಸಿದೆ. ಹಿಂದಿನ ಸಲದಂತೆ ಓದದೆ ಸಹಿ ಹಾಕುತ್ತಾರೆಂದು ನಂಬಿದ್ದೆ.

ಈ ಸಲ ಓದಿದರು. ಬೆರಳಿಟ್ಟು, ಸಾಲು ಸಾಲಾಗಿ ಓದಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಅವರ ಮುಖ ಮಾತ್ರ ಸಣ್ಣದಾಯಿತು.

"ಇದು ನಿನಗ ಮೊದಲ ಗೊತ್ತಿತ್ತೇನು?" ಎಂದು ಕೇಳಿದರು.

"ಹೌದು ಸರ್. ಬರೆದಿಟ್ಟಿದ್ದೆ."

"ಬರದಿಟ್ಟಿದ್ದಿ. ನನ್ನ ಮುಂದ ಯಾವಾಗ ಹೇಳಿದ್ದಿ? ನೀ ಹೇಳಿದ್ರ ನಾ ಕೇಳ್ತಿದ್ದಿಲ್ಲೇನು?"

ಇಷ್ಟು ವರ್ಷ ನಾನು ಹೆದರಿದ್ದು ಈ ಮನುಷ್ಯನಿಗೇ ಏನು?

ಅವರು ಪೆನ್ನು ತೆಗೆದು ಆ ಪ್ಯಾರಾವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಮೇಲೆ ತಮ್ಮ ದುಂಡು ಅಕ್ಷರದಲ್ಲಿ, ಅಂಥ ಸಂದರ್ಭ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದರು. "ನಾ ಸುಳ್ಳಿಗೆ ಸಹಿ ಹಾಕಾಂವಲ್ಲ. ಇದು ಖರೇ ಅದ," ಎಂದರು. ಆದರೆ ತಕ್ಷಣ ಸಹಿ ಹಾಕಲಿಲ್ಲ. ಪೆನ್ನನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದರು. "ಏನರೆ ಹೇಳೂದದೇನು? ಇದ್ರ ಈಗ ಹೇಳು."

ಹೇಳುವುದು ಎಷ್ಟೋ ಇತ್ತು. ಇದನ್ನು ಕಳಿಸಿದರೆ ಸೀಟು ಸಿಗುವುದಿಲ್ಲ, ಇದು ನನ್ನ ಕೊನೆಯ ಅವಕಾಶ, ಸುಳ್ಳು ಬೇಡವೆಂದರೆ ಇದ್ದದ್ದನ್ನೇ ಬರೆಯಿರಿ, ಆ ಲೆಕ್ಕ ಸರಿಯಾಗಿತ್ತೆಂದಾದರೂ ಒಂದು ಸಾಲು ಹಾಕಿ ಎನ್ನಬಹುದಿತ್ತು. ಅವರು ಕಾಯುತ್ತಲೇ ಇದ್ದರು. ಅವಸರವನ್ನೇನೂ ಮಾಡಲಿಲ್ಲ.

"ಏನಿಲ್ಲ ಸರ್," ಎಂದೆ.

ಸಹಿ ಹಾಕಿ ಕೊಟ್ಟರು. ಕಳಿಸಿ ಪ್ರಯೋಜನವಿಲ್ಲವೆಂದು ತಿಳಿದೂ ಸಂಜೆ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದೆ. ಬಂದ ಉತ್ತರವೂ ಹೋದ ವರ್ಷದ್ದೇ, ತಾರೀಖು ಮಾತ್ರ ಬೇರೆ. ಬೋರ್ಡಿನ ಮುಂದಿನ ಸ್ಟೂಲಿನ ಮೇಲೆ ಇನ್ನೂ ಇಪ್ಪತ್ತನಾಲ್ಕು ವರ್ಷ ಕೂತೆ.

ಆ ದಿನ ಮನೆಗೆ ಬಂದಾಗ ಹೆಂಡತಿ ಏನಾಯಿತೆಂದು ಕೇಳಿದ್ದಳು. ಸಾಹೇಬರು ಮಾತಾಡಲೇ ಬಿಡಲಿಲ್ಲ ಎಂದೆ. ಅವಳು ಇವತ್ತಿಗೂ ಆ ಮನುಷ್ಯನನ್ನು ಕ್ಷಮಿಸಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ, "ನಿಮ್ಮ ಬಾಳು ಹಾಳು ಮಾಡಿದೋನು ಹೋದ," ಎಂದಳು. ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ, ಮತ್ತೆ ಸುಮ್ಮನಾದೆ.