ಹಸಿ ಫರಸಿಯ ಆಚೆ ಈಚೆ

ಬೆಳಗ್ಗೆಯಿಂದ ಪಕ್ಕದ ಮನೆಯ ಹಸಿ ಸಿಮೆಂಟಿನ ವಾಸನೆ ಬರುತ್ತಿದೆ. ಈರಮ್ಮತ್ತಿ ಪಡಸಾಲೆಗೆ ಫರಸಿ ಹಾಕಿಸುತ್ತಿದ್ದಾರೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿಗೆ ನಮ್ಮ ಚಿತ್ತಾಪುರದಲ್ಲಿ ಹಾಗೇ ಅನ್ನುವುದು. ಅವರ ಮಗಳು ರೇಣುಕಾಳನ್ನು ನೋಡಲು ಭಾನುವಾರ ಸೇಡಂ ಕಡೆಯವರು ಬರುತ್ತಾರೆ. ರೇಣುಕಾಗೆ ಬಿ.ಎಡ್. ಮಾಡುವ ಆಸೆ. ಆ ಮಾತನ್ನು ಮಧ್ಯಸ್ಥರ ಕಿವಿಗೆ ಹಾಕಿದ್ದಾರಂತೆ, ಅಲ್ಲಿಂದ ಮುಂದೆ ಯಾರ ಕಿವಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

"ಯಾವಾಗ ಸೆಟ್ ಆಗ್ತದಪ್ಪ ಇದು?" ಎಂದು ಈರಮ್ಮತ್ತಿ ಗಾರೆ ಕೆಲಸದ ಗೌಂಡಿಯನ್ನು ಕೇಳಿದ್ದು ಗೋಡೆಯ ಈಚೆ ಕೂತ ನನಗೆ ಕೇಳಿಸಿತು. ನಾನು ಡಿಕ್ಷನರಿ ತೆಗೆದೆ.

ಈ ಡಿಕ್ಷನರಿಯನ್ನು ವಾಡಿ ಸ್ಟೇಷನ್ ಹತ್ತಿರದ ರದ್ದಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡಿದ್ದು. 'ಎ' ಅಕ್ಷರವನ್ನು ಇಲಿ ಪೂರ್ತಿ ತಿಂದಿದೆ. ನಾನು ಇಂಗ್ಲಿಷ್ ಕಲಿತದ್ದೆಲ್ಲ ಇದರಿಂದಲೇ, ಹಾಗಾಗಿ ನನಗೆ 'ಬಿ'ಯಿಂದ ಮುಂದಿನ ಇಂಗ್ಲಿಷ್ ಮಾತ್ರ ಬರುತ್ತದೆ. ಆದರೆ 'ಎಸ್' ಸುರಕ್ಷಿತವಾಗಿದೆ, ಅಲ್ಲಿ 'ಸೆಟ್' ಇದೆ. ಒಮ್ಮೆ ತೆಗೆದು ನೋಡಿ. ಮೂರು ಅಕ್ಷರದ ಪದ, ಪುಟ ತಿರುವಿದರೂ ಮುಗಿಯುವುದಿಲ್ಲ. ಸೂರ್ಯ ಮುಳುಗಿದರೂ ಸೆಟ್, ಮೊಸರು ಹೆಪ್ಪಾದರೂ ಸೆಟ್. ಮುರಿದ ಎಲುಬು ಕೂಡಿಸಿದರೆ, ಬಲೆ ಹೂಡಿದರೆ, ಬೆಂಕಿ ಹಚ್ಚಿದರೆ, ಉಂಗುರಕ್ಕೆ ಹರಳು ಕೂರಿಸಿದರೆ, ದಿನ ಗೊತ್ತುಮಾಡಿದರೆ, ಪಯಣ ಹೊರಟರೆ, ಎಲ್ಲದಕ್ಕೂ ಅದೇ. ನಮ್ಮವರು ಸಾಲದ್ದಕ್ಕೆ ಪಂಪ್‌ಸೆಟ್, ಟಿವಿ ಸೆಟ್, ಕಪ್ಪು-ಬಶಿ ಸೆಟ್ ಅಂತ ಸೇರಿಸಿಕೊಂಡಿದ್ದಾರೆ. ನನಗೋ ಇದು ಇಂಗ್ಲಿಷಿನ ಶ್ರೀಮಂತಿಕೆ ಅನ್ನಿಸಿ, ಹಿಂದೊಮ್ಮೆ ಖುಷಿಯಿಂದ ಅವ್ವನ ಮುಂದೆ ಓದಿದ್ದೆ. ಅವ್ವ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

"ಪಾಪ, ಎಲ್ಲಾದಕ್ಕೂ ಒಂದೇ ಚರಗಿ ಇಟ್ಕೊಂಡಾರೇನು," ಅಂದಳು. "ನಮ್ಮಲ್ಲಿ ನೀರಿಗಿ ಬ್ಯಾರೆ, ಮಸರಿಗಿ ಬ್ಯಾರೆ."

ನಾನು ಡಿಕ್ಷನರಿ ಮುಚ್ಚಿದ್ದೆ.

ಆದರೆ ಒಂದು ಕೆಲಸಕ್ಕೆ ಮಾತ್ರ ಅವ್ವನೂ ಇಂಗ್ಲಿಷ್ ಚರಗಿಯನ್ನೇ ಹಿಡಿಯುತ್ತಾಳೆ. ಮದುವೆಯ ಮಾತಿಗೆ. "ಸಂಬಂಧ ಸೆಟ್ ಆತೇನು?" ಎಂದು ಓಣಿಯವರು ಕೇಳುವುದು, "ಇನ್ನಾ ಇಲ್ಲ" ಎಂದು ಅವ್ವ ಹೇಳುವುದು ನಮ್ಮಕ್ಕ ಮಹಾದೇವಿಯ ವಿಷಯದಲ್ಲಿ ಬಹಳ ದಿನ ನಡೆದಿತ್ತು. ಅಕ್ಕ ಆಗ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಒಂದು ವರ್ಷ ಬಾಕಿ. ಮೊದಲು ಬಂದ ಸಂಬಂಧದವರು ಮಧ್ಯಸ್ಥರ ಬಾಯಿಂದ "ಓದಸ್ತೀವಿ" ಅಂದಿದ್ದರು. ಎಲೆ-ಅಡಿಕೆ ಬದಲಾಯಿಸುವ ಹೊತ್ತಿಗೆ "ಅಂಥಾ ಮಾತು ನಮ್ಮ ಕಿವಿಗೇ ಬಂದಿಲ್ಲ" ಅಂದರು. ಅದು ಮುರಿಯಿತು.

"ಈ ಸಲ ನಾನೇ ಹುಡುಗನ್ನ ಕೇಳ್ತೀನಿ," ಎಂದು ಅಕ್ಕ.

"ಹೆಣ್ಣು ನೋಡಾಕ ಬಂದಾಗ ಹೆಣ್ಣು ಹೆಸರು ಹೇಳಬೇಕು, ಸುಮ್ಮ ಕುಂದರಬೇಕು," ಎಂದು ಅವ್ವ.

ರಾವೂರದವರು ನೋಡಲು ಬರುತ್ತಾರೆಂದು ನಮ್ಮ ಪಡಸಾಲೆಗೂ ಹೊಸ ಫರಸಿ ಬಂತು. ಗೌಂಡಿ ಬಾಬುಕಾಕಾ ಕಲ್ಲು ಕೂರಿಸಿ, ಸಂದಿಗೆ ಸಿಮೆಂಟು ತುಂಬಿ, ನಾಳೆ ಸಂಜೆಯವರೆಗೂ ಬೆಕ್ಕೂ ತುಳಿಯಬಾರದೆಂದು ಅಪ್ಪಣೆ ಕೊಟ್ಟು ಸಿಮೆಂಟು ಬಳಿಯುವ ಥಾಪಿ ತೊಳೆಯುತ್ತಿದ್ದ. ಆಗ ಬಾಗಿಲಲ್ಲಿ ಜೀಪು ನಿಂತಿತು. ಒಂದು ದಿನ ಮೊದಲೇ ರಾವೂರದವರು. ಚಿಂಚೋಳಿಗೆ ಯಾರದೋ ಸೀಮಂತಕ್ಕೆ, ಕುಬಸದ ಊಟಕ್ಕೆ ಹೋಗಿದ್ದರಂತೆ, ಹೇಗೂ ವಾಪಸಾಗುವ ದಾರಿಯಲ್ಲೇ ನಮ್ಮೂರು, ಇವತ್ತೇ ನೋಡಿ ಹೋದರಾಯಿತು ಅಂತ.

ಈಗ ಇಕ್ಕಟ್ಟು ನೋಡಿ. ಬೀಗರಾಗುವವರನ್ನು ಹಿತ್ತಲ ಬಾಗಿಲಿಂದ ಕರೆಯುವಂತಿಲ್ಲ. ಹೆಣ್ಣನ್ನು ಓಣಿಗೆ ತಂದು ತೋರಿಸುವಂತಿಲ್ಲ. ಬೀದರಿನಿಂದ ಬಂದಿದ್ದ ನಮ್ಮ ಸೋದರಮಾವ "ಹಲಗಿ ಹಾಕ್ರಿ, ಅದರ ಮ್ಯಾಲ ನಡದ ಬರ್ತಾರ" ಅಂದ. ಹುಡುಗನ ಅಪ್ಪ ಅದನ್ನು ಕೇಳಿ ಹುಬ್ಬು ಗಂಟಿಕ್ಕಿದರು.

"ಕಲ್ಲಿನ ಖಣಿಯಾಗ ಬೆಳದ ಮನಷ್ಯಾ ನಾ. ಹಸಿ ಫರಸಿ ತುಳದು ಹೆಣ್ಣು ಕೇಳಿದ್ರ ನಮ್ಮೂರಾಗ ನಗ್ತಾರ್ರಿ. ಇಲ್ಲೇ ಕುಂದರ್ತೀವಿ."

ಕೂತೇಬಿಟ್ಟರು, ಹೊರಗಿನ ಕಟ್ಟೆಯ ಮೇಲೆ ಸಾಲಾಗಿ. ಒಳಮನೆಯ ಹೊಸ್ತಿಲಲ್ಲಿ ಅಕ್ಕ. ನಡುವೆ ನೀರು ಚಿಮುಕಿಸಿದ ಇಡೀ ಪಡಸಾಲೆ ಕೆರೆಯ ಹಾಗೆ ಹೊಳೆಯುತ್ತಿತ್ತು. ಮಂಡಕ್ಕಿ ಒಗ್ಗರಣೆಯ ಸುಸಲದ ತಟ್ಟೆಗಳು ಹಿತ್ತಲಿಂದ ಹೊರಟು, ಓಣಿ ಸುತ್ತಿ, ಮುಂಬಾಗಿಲಿಗೆ ಬಂದವು. ದಾರಿಯಲ್ಲಿ ಕಂಡವರೆಲ್ಲ ತಟ್ಟೆಯ ಹಿಂದೆಯೇ ಬಂದು ನಿಂತರು.

ಹೆಣ್ಣು ನೋಡುವ ಶಾಸ್ತ್ರವೆಲ್ಲ ಪಿಸುಮಾತಿನದ್ದು. ಅವತ್ತು ಪಿಸುಗುಟ್ಟಲು ಜಾಗವೇ ಇರಲಿಲ್ಲ. ಮೇಲಾಗಿ ಹುಡುಗನ ಆಯಿಗೆ, ಅಂದರೆ ಅಜ್ಜಿಗೆ, ಕಿವಿ ಮಂದ. "ಹೆಸರೇನವಾ?" ಎಂದು ಕೇಳಿದರೆ ಅಕ್ಕ ಕೂಗಿ ಹೇಳಬೇಕಾಯಿತು. ಕೂಗಿದ ಮೇಲೆ ಅವಳ ನಾಚಿಕೆ ಹೋಯಿತೆಂದು ಕಾಣುತ್ತದೆ. ಅವ್ವ ಸೆರಗು ಜಗ್ಗುತ್ತಿದ್ದಂತೆಯೇ ಅದೇ ದನಿಯಲ್ಲಿ ನೇರ ಹುಡುಗನಿಗೆ ಕೇಳಿದಳು.

"ನನ್ನ ಓದು ಇನ್ನಾ ಒಂದ ವರ್ಷ ಅದರಿ. ಮುಗಿಸಿದ ಮ್ಯಾಲೇ ಮದವಿ, ಮದವಿ ಮ್ಯಾಲ ನೌಕರಿ. ನಡೀತದೇನ್ರಿ?"

ಹುಡುಗ ಸಿದ್ದು ತಲೆ ತಗ್ಗಿಸಿ ಏನೋ ಅಂದ.

"ಏನಂದ್ಯೋ?" ಎಂದು ಆಯಿ.

"ಹೂಂ ಅಂದೆ ಆಯಿ."

"ಯಾದಕ್ಕ ಹೂಂ?"

ಅವನ ಕಿವಿ ಕೆಂಪಾದವು. ಎದ್ದು ನಿಂತು ಕೂಗಿದ: "ಆಕಿ ಓದು ಮುಗಿಸ್ತಾಳಂತ, ಆಮ್ಯಾಲ ಮದವಿ, ಆಮ್ಯಾಲ ನೌಕರೀನೂ ಮಾಡ್ತಾಳಂತ. ನಾ ಹೂಂ ಅಂದೀನಿ."

"ಅಷ್ಟೇ ಅಲ್ಲ," ಎಂದು ಆಯಿ ಮೊಣಕಾಲು ನೀವಿಕೊಂಡಳು. "ಸೂಜಿ ಚುಚ್ಚಾಕಿ ಮನ್ಯಾಗೇ ಬಂದ್ರ ನನಗೂ ಛಲೋನೇ ಆತು."

ಮಾತು ಅಲ್ಲಿಗೆ ನಿಂತಿತೆಂದುಕೊಳ್ಳಬೇಡಿ. ಮುಂದೆ ಅವರ ಕಡೆಯ ಕಾಕಾ ಒಬ್ಬರು ಬಂದು, ಓದು ಇರಲಿ, ಈ ವೈಶಾಖದಲ್ಲೇ ಅಕ್ಷತೆ ಹಾಕಿಬಿಡೋಣ ಎಂದು ಶುರುಮಾಡಿದರು. ಅಕ್ಕ ಊಟ ಬಿಟ್ಟಳು. ಆಗ ರಾವೂರದ ಮನೆಯಲ್ಲಿ ಆಯಿ ಆ ಕಾಕಾನಿಗೆ, "ಕಿವುಡಿ ನಾ, ನನಗೇ ಕೇಳಸ್ಯಾದ. ನಿನಗ ಕೇಳಸಿಲ್ಲೇನೋ?" ಅಂದಳಂತೆ. ವೈಶಾಖ ಹಾಗೇ ದಾಟಿತು. ಓದು ಮುಗಿಸಿಯೇ ಮದುವೆಯಾದ ಅಕ್ಕ ಈಗ ಶಹಾಬಾದಿನ ಆಸ್ಪತ್ರೆಯಲ್ಲಿ ನರ್ಸ್. ಆಯಿಯ ಮೊಣಕಾಲು ಮಾತ್ರ ಹಾಗೇ ಇದೆ.

ಇದೆಲ್ಲ ನೆನಪಾಗಿ, ಡಿಕ್ಷನರಿಯಲ್ಲಿ ಬೆರಳಿಟ್ಟುಕೊಂಡೇ ಈರಮ್ಮತ್ತಿಯ ಬಾಗಿಲಿಗೆ ಹೋದೆ. ಬಾಬುಕಾಕಾ ಕೊನೆಯ ಸಂದಿ ತುಂಬುತ್ತಿದ್ದ. ರೇಣುಕಾ ಒಳಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಭಾನುವಾರ ಈ ನೆಲ ಗಟ್ಟಿಯಾಗಿರುತ್ತದೆ. ಬಂದವರು ಒಳಗೆ ಬಂದು ಜಮಖಾನೆಯ ಮೇಲೆ ಕೂರುತ್ತಾರೆ, ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನನಗೆ ಅದೇ ಸರಿಕಾಣಲಿಲ್ಲ.

"ಅತ್ತಿ, ಸೇಡಂದವರನ್ನ ಭಾನುವಾರ ಯಾಕ ಕರೀತೀರಿ? ಇವತ್ತೇ ಕರೀರಿ."

"ಹುಚ್ಚಪ್ಪಾ, ಫರಸಿ ಇನ್ನಾ ಹಸಿ ಅದಲ್ಲೋ."

"ಅದಕ್ಕೇ ಅತ್ತಿ."

ಈರಮ್ಮತ್ತಿಗೆ ಅರ್ಥವಾಗಲಿಲ್ಲ. ಅವತ್ತು ನಮ್ಮ ಸುಸಲದ ತಟ್ಟೆಯ ಹಿಂದೆ ಬಂದವರಲ್ಲಿ ರೇಣುಕಾಳೂ ಇದ್ದಳು. ಅವಳು ನನ್ನನ್ನು ನೋಡಿದಳು, ಹೊಳೆಯುವ ನೆಲವನ್ನು ನೋಡಿದಳು. ಆಮೇಲೆ ಪಡಸಾಲೆಯ ಆಚೆಯಿಂದ, ಓಣಿಗೆಲ್ಲ ಕೇಳುವ ಹಾಗೆ, ಅಂದಳು:

"ಅವ್ವಾ, ಸೇಡಂದವರ ಫೋನ್ ನಂಬರ್ ಕೊಡು."

ಬಾಬುಕಾಕಾ ತಲೆ ಎತ್ತದೆ, ಆಗಲೇ ತುಂಬಿದ ಸಂದಿಗಳ ಮೇಲೆ ಇನ್ನೊಂದು ಸಲ ನೀರು ಚಿಮುಕಿಸಿದ.