ಕಾಶಿಯಲ್ಲಿ ಬಿಟ್ಟು ಬಂದ ಹಾಗಲಕಾಯಿ

ನಮ್ಮತ್ತೆ ಮಾಡುತ್ತಿದ್ದ ತುಂಬಿದ ಹಾಗಲಕಾಯಿಯನ್ನು ತಿನ್ನದವರು ಮೊಳಕಾಲ್ಮೂರಿನ ನಮ್ಮ ಕೇರಿಯಲ್ಲಿ ಒಬ್ಬರೇ ಇದ್ದರು. ಅವರು ನಮ್ಮತ್ತೆ ತಿಪ್ಪಮ್ಮನವರೇ. ಮೂಗಿನಿಂದಲೇ ಉಪ್ಪು ನೋಡಿ, ಮೂಗಿನಿಂದಲೇ ಹುಳಿ ನೋಡಿ, ಎಲ್ಲರಿಗೂ ಎರಡೆರಡು ಬಡಿಸಿ, ತಾವು ಮಾತ್ರ ಮುದ್ದೆಗೆ ಬರೀ ಸಾರು ಹಾಕಿಕೊಂಡು ಉಣ್ಣುತ್ತಿದ್ದರು. ಚಳ್ಳಕೆರೆಯಿಂದ ಹೊಸದಾಗಿ ಸೊಸೆಯಾಗಿ ಬಂದ ನಾನು, ಪಾಪ, ಕಾಯಿ ಸಾಲದೇನೋ ಎಂದು ನನ್ನ ಪಾಲಿನದೊಂದನ್ನು ಅವರ ತಟ್ಟೆಗೆ ಹಾಕಲು ಹೋದೆ. ಹಾವು ಕಂಡವರಂತೆ ತಟ್ಟೆ ಹಿಂದಕ್ಕೆಳೆದುಕೊಂಡರು.

"ಏಯ್, ಅದನ್ನ ಗಂಗವ್ವಗೆ ಬಿಟ್ಟೀನಿ ಕಣೇ!"

ಪಡಸಾಲೆಯಲ್ಲಿ ಉಣ್ಣುತ್ತಿದ್ದ ಮಾವ ನೆತ್ತಿಗೆ ಹತ್ತುವಂತೆ ನಕ್ಕರು. "ಕೇಳವ್ವಾ ಕೇಳು, ನಿಮ್ಮತ್ತೆ ದೇವ್ರಿಗೇ ಮಂಕುಬೂದಿ ಎರಚಾಕೆ ಹೋದ ಕತೆ!"

ಕತೆ ಹೀಗೆ. ನನ್ನ ಮದುವೆಗೆ ಎರಡು ವರ್ಷ ಮುಂಚೆ ಇಬ್ಬರೂ ಕಾಶಿಗೆ ಹೋಗಿದ್ದರು. ರಾಂಪುರದ ಮೇಲೆ ಬಳ್ಳಾರಿವರೆಗೆ ಎತ್ತಿನಗಾಡಿ, ಅಲ್ಲಿಂದ ರೈಲು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ತರಕಾರಿಯನ್ನು ಗಂಗೆಗೆ ಬಿಟ್ಟು ಬರಬೇಕು, ಮತ್ತೆ ಅದನ್ನು ಬಾಯಿಗಿಡಬಾರದು ಎಂಬುದು ಪದ್ಧತಿ. ಅತ್ತೆಗೆ ಬದನೆಕಾಯಿ ಎಂದರೆ ಪ್ರಾಣ. ಅದನ್ನು ಬಿಟ್ಟು ಬದುಕುವುದು ಹೇಗೆಂದು ರೈಲಿನುದ್ದಕ್ಕೂ ಯೋಚಿಸಿ ಒಂದು ಉಪಾಯ ಕಂಡುಕೊಂಡರು. ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನೇ ಬಿಟ್ಟರಾಯಿತು!

ಕಾಶಿಗೆ ಮುಟ್ಟಿದ ದಿನ ಇಳಿದುಕೊಂಡ ಮನೆಯಾಕೆ ರೊಟ್ಟಿಯ ಜೊತೆ ಏನೋ ಒಂದು ಬಡಿಸಿದಳು. ಹುಳಿ, ಖಾರ, ಸೋಂಪಿನ ಘಮ, ಕೊನೆಯಲ್ಲಿ ನಾಲಿಗೆ ಹಿಡಿಯುವ ಸಣ್ಣ ಒಗರು. ಬಡಗಣ ಸೀಮೆಯ ಯಾವುದೋ ಕಾಯಿ ಎಂದುಕೊಂಡು ಅತ್ತೆ ನಾಲ್ಕು ತಿಂದರು. ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ, ಭಕ್ತಿಯಿಂದ ಹಾಗಲಕಾಯಿ ಬಿಟ್ಟರು. ಮನೆಗೆ ಬಂದು, ನಿನ್ನೆಯದನ್ನು ಹೇಗೆ ಮಾಡಿದೆ ಎಂದು ಕೈಸನ್ನೆಯಲ್ಲಿ ಕೇಳಿದರು. ಆಕೆ ಬುಟ್ಟಿ ತಂದು ಮುಂದಿಟ್ಟಳು. ಬುಟ್ಟಿ ತುಂಬ ಹಾಗಲಕಾಯಿ.

"ನಾನು ಗಂಗವ್ವಗೆ ಒಂದು ಆಟ ಆಡ್ದೆ, ಆಕಿ ನಂಗೊಂದು ಆಟ ಆಡಿದ್ಲು," ಎಂದು ಅತ್ತೆಯೇ ನಗುತ್ತಿದ್ದರು. ಹರಕೆ ಹರಕೆಯೇ. ಆದರೆ ಮಾಡಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ! ಮೂರು ದಿನ ಆಕೆಯ ಒಲೆಯ ಪಕ್ಕ ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಬರೀ ಕಣ್ಣಲ್ಲೇ ಅಡುಗೆ ಕಲಿತು ಬಂದರು.

ಮಾಡುವುದನ್ನು ನೋಡುವುದೇ ಒಂದು ಚೆಂದ. ಎಳೆಯ ಕಾಯಿಗಳ ಮೈ ಹೆರೆದು, ಹೊಟ್ಟೆ ಸೀಳಿ, ಬೀಜ ತೆಗೆದು, ಉಪ್ಪು ಸವರಿ ಒಂದು ಗಳಿಗೆ ಬಿಡುತ್ತಿದ್ದರು. ಆಮೇಲೆ ಹಿಂಡಿ ಕಹಿ ನೀರು ತೆಗೆಯುವುದು. ಹೆರೆದ ಸಿಪ್ಪೆಯನ್ನು ಎಸೆಯುತ್ತಿರಲಿಲ್ಲ. ಈರುಳ್ಳಿ, ಧನಿಯ, ಸೋಂಪು, ಹುರಿಗಡಲೆ ಪುಡಿಯ ಜೊತೆ ಅದೂ ಹೂರಣಕ್ಕೆ ಸೇರುತ್ತಿತ್ತು. ಕಾಶಿಯಾಕೆ ಹುಳಿಗೆ ಹಾಕುತ್ತಿದ್ದ ಒಣಮಾವಿನ ಪುಡಿ ಇಲ್ಲೆಲ್ಲಿ? ಅದಕ್ಕೆ ಹುಣಸೆಹಣ್ಣು. ಅಲ್ಲಿಯ ಸಾಸಿವೆ ಎಣ್ಣೆಗೆ ಬದಲು ನಮ್ಮ ಕುಸುಬೆ ಎಣ್ಣೆ, ಅದೂ ನಾಲ್ಕೇ ಚಮಚ. ನಾನು ಕೈ ಜಾರಿ ಹೆಚ್ಚು ಸುರಿದರೆ, "ಕರಿಯಾಕೆ ಇದೇನು ಬಜ್ಜಿಯೇನೇ? ಬಾಣಲಿ ಮುಚ್ಚಿ ಸಣ್ಣ ಉರೀಲಿ ಬಾಡಿಸು. ಹೊಟ್ಟಿಗೆ ಹಿತ ಇರ್ಬೇಕು," ಎಂದು ಗದರುತ್ತಿದ್ದರು. ತುಂಬಿದ ಕಾಯಿ ಬಿಚ್ಚಿಕೊಳ್ಳದಂತೆ ಸುತ್ತಲು ಪಕ್ಕದ ಮಗ್ಗದ ಮನೆಯಿಂದ ನೂಲು ತರುತ್ತಿದ್ದರು.

ಆ ನೂಲಿನದೇ ಒಂದು ಕತೆ. ಮೊದಲ ಸಲ ನನ್ನನ್ನು ನೋಡಲು ಬಂದ ನಮ್ಮಪ್ಪ, ಬೀಗರ ಮನೆಯ ಊಟವೆಂದು ಬಿಗಿಯಾಗಿ ಕೂತು, ಎರಡು ಕಾಯಿಯನ್ನೂ ನೂಲಿನ ಸಮೇತ ಅಗಿದು ನುಂಗಿಬಿಟ್ಟರು. ನಾನು ನಾಚಿಕೆಯಿಂದ ಸತ್ತೆ.

"ಅಯ್ಯೋ, ನೂಲು ಬಿಚ್ಲಿಲ್ಲೇನ್ರಿ ಬೀಗ್ರೇ?" ಎಂದರು ಅತ್ತೆ.

"ಅದೂ ರುಚಿಯಾಗೇ ಇತ್ತು ಕಣ್ರಿ," ಎಂದರು ಅಪ್ಪ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೋಡಿದವರು ಸಂಜೆಯವರೆಗೂ ನಗುತ್ತಲೇ ಇದ್ದರು.

ನಗುವವರೇನೋ ಹೌದು. ಆದರೆ ಒಂದು ದಿನ, ಎಲ್ಲರ ಊಟವಾದ ಮೇಲೆ, ಖಾಲಿ ಬಾಣಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದುದನ್ನು ನಾನು ಕಂಡೆ. ಅವರಿಗೆ ಅದನ್ನು ಇನ್ನೊಮ್ಮೆ ತಿನ್ನುವ ಆಸೆ ಎಷ್ಟಿತ್ತೆಂದು ಅಂದೇ ನನಗೆ ಗೊತ್ತಾದದ್ದು.

ಒಮ್ಮೆ ಆ ಆಸೆಗೆ ದಾರಿಯೂ ತೆರೆಯಿತು. ವಯಸ್ಸಾದ ಮೇಲೆ ಅತ್ತೆಗೆ ಸಿಹಿಮೂತ್ರದ ಕಾಯಿಲೆ ಬಂತು. ಗಡಿಯಾಚೆಯ ಹಳ್ಳಿಯ ತೆಲುಗು ಪಂಡಿತರು ನಾಡಿ ಹಿಡಿದು, ವಾರಕ್ಕೆ ಮೂರು ದಿನ ಹಾಗಲಕಾಯಿ ತಿನ್ನಬೇಕೆಂದರು. ಅತ್ತೆ ಹರಕೆಯ ವಿಷಯ ಹೇಳಿದರೆ, "ಮಂದುಕಿ ದೋಷಂ ಲೇದಮ್ಮಾ, ಮದ್ದಿಗೆ ದೋಷ ಇಲ್ಲ," ಎಂದು ನಕ್ಕರು. ಮಾವನೂ ದನಿಗೂಡಿಸಿದರು: "ಪಂಡಿತ್ರೇ ಹೇಳಿದ ಮ್ಯಾಲೆ ಇನ್ನೇನು? ತಿನ್ನೇ ತಿಪ್ಪಿ."

"ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಹೇಳ್ದಂಗಾತು ನಿಮ್ಮಿಬ್ಬರ ಮಾತು," ಎಂದರು ಅತ್ತೆ. "ಮದ್ದು ಅಂತ ಬಾಯಿಗಿಟ್ಟು, ರುಚಿ ಅಂತ ನುಂಗಿದ್ರೆ ಗಂಗವ್ವಗೆ ಗೊತ್ತಾಗಲ್ವಾ? ಒಂದು ಸಲ ಜಾಣತನ ಮಾಡಿದ್ದೇ ಸಾಕು."

ಬೇವಿನ ಚಿಗುರು ಜಗಿದರು, ಮೆಂತ್ಯ ನುಂಗಿದರು, ಹಾಗಲಕಾಯಿ ಮಾತ್ರ ಮುಟ್ಟಲಿಲ್ಲ. ನನಗೆ ಸಿಟ್ಟು ಬಂದಿತ್ತು. ಈಗ ನೆನೆದರೆ ಹೆಮ್ಮೆ ಎನಿಸುತ್ತದೆ. ಆಮೇಲೂ ಆರು ವರ್ಷ ನಮ್ಮ ಜೊತೆಗಿದ್ದು, ಒಂದು ಬೇಸಿಗೆಯಲ್ಲಿ ಯಾರಿಗೂ ಕಷ್ಟ ಕೊಡದೆ ಹೊರಟುಹೋದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಅತ್ತೆಗೂ ಒಂದು ಎಲೆ ಹಾಕಿದೆ. ಬದನೆಕಾಯಿ ಪಲ್ಯ, ಹೋಳಿಗೆ, ಚಿತ್ರಾನ್ನ, ವಡೆ, ಎಲ್ಲ ಬಡಿಸಿದೆ. ಮನೆಮಂದಿಗೆಂದು ಮಾಡಿದ ತುಂಬಿದ ಹಾಗಲಕಾಯಿಯನ್ನು ಉಳಿದ ಹಿರಿಯರ ಎಲೆಗಷ್ಟೇ ಹಾಕಿದೆ. ಮಾವ ಕೋಲೂರಿಕೊಂಡು ಬಂದು ಅತ್ತೆಯ ಎಲೆಯನ್ನೇ ನೋಡುತ್ತ ನಿಂತರು.

"ಇದ್ರಾಗೆ ಹಾಗಲಕಾಯಿ ಎಲ್ಲೈತವ್ವಾ?"

"ಅತ್ತಿ ಬಿಟ್ಟಿದ್ರಲ್ಲ ಮಾವ."

"ಬಿಟ್ಟಿದ್ದು ಉಸಿರಿರೋ ತಂಕ. ಹರಕೆ ತೀರ್ತು. ಹಾಕು. ನಾಕು ಹಾಕು."

ನಾಲ್ಕು ಹಾಕಿದೆ. ಹಿರಿಯರು ಬಂದು ಉಂಡು ಹೋಗಲೆಂದು ಪದ್ಧತಿಯಂತೆ ಬಾಗಿಲು ಎಳೆದುಕೊಂಡು ಎಲ್ಲರೂ ಜಗುಲಿಯಲ್ಲಿ ಕೂತೆವು. ಸಾಕಷ್ಟು ಹೊತ್ತಾಯಿತು. ಹಸಿದ ಮಕ್ಕಳು ಗಲಾಟೆ ಎಬ್ಬಿಸಿದರು. ನನ್ನ ಗಂಡ ಬಾಗಿಲು ತೆರೆಯಲು ಎದ್ದರು. ಮಾವ ಅವರಿಗಿಂತ ಮುಂಚೆ ಎದ್ದು ಚಿಲಕದ ಮೇಲೆ ಕೈಯಿಟ್ಟರು.

"ತಡಿಯೋ," ಎಂದರು. "ಇಪ್ಪತ್ತೆರಡು ವರ್ಷದ ಮ್ಯಾಲೆ ತಿಂತಾಳೆ. ನಿಧಾನಕ್ಕೆ ತಿನ್ಲಿ."