ಹೆಬ್ಬೆರಳಿನ ಜಿಡ್ಡು

ನಮ್ರತಾಳಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಓನಾಮ ಹೇಳಿಕೊಟ್ಟವರು ಅಪ್ಪನೇ. ಗದಗದಿಂದ ಬಂದು ನಾಗಪುರದ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಫಿಟರ್ ಆಗಿ ಸವೆದ ಉಮಾಪತಿ, ಲೋಹದ ಯಾವ ತುಂಡು ಕೈಗೆ ಬಂದರೂ ಅದರ ಅಂಚಿನ ಮೇಲೆ ಬರಿ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. "ಅಳತಿ ಆಮ್ಯಾಲ ತಗೋ, ಮೊದಲ ಮುಟ್ಟಿ ನೋಡವಾ" ಎನ್ನುತ್ತಿದ್ದರು. ನಾಗಪುರದ ಪಕ್ಕದ ಹಿಂಗಣಾದ ಗೇರ್ ಕಾರ್ಖಾನೆಯಲ್ಲಿ ಎರಡು ವರ್ಷ ಎಣ್ಣೆ ಮಸಿಯಲ್ಲಿ ದುಡಿಯುವಾಗ ಮಗಳಿಗೆ ಹೆಸರು ತಂದದ್ದೂ ಆ ಅಭ್ಯಾಸವೇ. ಬಿಡುವಿದ್ದಾಗಲೆಲ್ಲ ರೋಬೋಟ್ ತೋಳುಗಳ ವಿನ್ಯಾಸ ಕಲಿತು, ಅವಳು ಅಲ್ಲೇ ಸಮೀಪದ ಬುಟಿಬೋರಿಯ ಸಣ್ಣ ಕಂಪನಿಯೊಂದನ್ನು ಸೇರಿದಳು. ಅಲ್ಲಿ ಉಪಗ್ರಹಕ್ಕೆ ಜೋಡಿಸುವ ತೋಳು ತಯಾರಾಗುತ್ತಿತ್ತು. ಪರೀಕ್ಷೆಯ ತೋಳು ಪಾಸಾದರೆ ನಿಜವಾಗಿ ಹಾರುವ ತೋಳಿನ ಹೊಣೆ ನಿನಗೇ ಎಂದು ಮ್ಯಾನೇಜರ್ ಮುರಳೀಧರ ಮಾತು ಕೊಟ್ಟಿದ್ದರು. ಇಪ್ಪತ್ತಾರರ ಹುಡುಗಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಕಾರ್ಬನ್ ಕೊಳವೆಗೆ ಅಲ್ಯೂಮಿನಿಯಂ ಕೀಲನ್ನು ಅಂಟಿನಿಂದ ಬೆಸೆಯಬೇಕಿತ್ತು. ಟೆಕ್ನಿಷಿಯನ್ ಶ್ರೀವತ್ಸ ಕೀಲನ್ನು ತೊಳೆದು, ಒಣಗಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಕೊಟ್ಟ. ತೊಳೆದ ಮೇಲೆ ಬರಿಗೈ ತಾಗಿಸುವಂತಿಲ್ಲ. ಚರ್ಮದ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ನಮ್ರತಾಳಿಗೆ ಇದು ಗೊತ್ತಿರಲಿಲ್ಲವೇ? ಆ ನಿಯಮವನ್ನು ಬರೆದು ಗೋಡೆಗೆ ಹಚ್ಚಿದವಳೇ ಅವಳು. ಆದರೂ ಅಂಚು ನುಣುಪಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದು, ಕೈಗವಸು ಕಳಚಿ, ಹೆಬ್ಬೆರಳಿನಿಂದ ಒಂದು ಸುತ್ತು ಸವರಿದಳು. ಯಾರೂ ನೋಡಲಿಲ್ಲ.

ನಿರ್ವಾತ ಕೋಣೆಯ ಬಿಸಿ-ಚಳಿಯ ಪರೀಕ್ಷೆಯಲ್ಲಿ ಕೀಲು ಕಿತ್ತು ಬಂತು. ಬಿಚ್ಚಿ ನೋಡಿದರೆ ಅಂಟು ಹಿಡಿಯದ ಒಂದು ಪಟ್ಟಿ, ಹೆಬ್ಬೆರಳಿನಷ್ಟೇ ಅಗಲ. ಮುರಳೀಧರ ರಿಜಿಸ್ಟರ್ ತೆರೆದು, ತೊಳೆದದ್ದು ಸರಿಯಾಗಿಲ್ಲ ಎಂದು ವರದಿ ಬರೆದರು. ನಮ್ರತಾ ಬಾಯಿ ತೆರೆದಳು, ಮುಚ್ಚಿದಳು. ಅಷ್ಟೇ ಅವಳ ಧೈರ್ಯ. ಶ್ರೀವತ್ಸ ಕಾಂಟ್ರಾಕ್ಟಿನವನು, ಅವನನ್ನು ಅಂದೇ ಮನೆಗೆ ಕಳಿಸಿದರು. ಇನ್ನೊಂದು ಕೀಲು ಬೆಸೆದು ಪರೀಕ್ಷೆ ಪಾಸಾಯಿತು, ಹಾರುವ ತೋಳು ಅವಳ ಪಾಲಿಗೇ ಬಂತು.

ಒಂದು ಭಾನುವಾರ, ಎಲ್ಲ ಹೇಳಿಬಿಡುತ್ತೇನೆಂದು ನಿರ್ಧರಿಸಿ ಶ್ರೀವತ್ಸನ ಮನೆಗೆ ಹೋದಳು. ನಲವತ್ತು ದಾಟಿದ ಮನುಷ್ಯ, ಅವಳನ್ನು ಕಂಡು ಗಡಬಡಿಸಿ ಎದ್ದ. ಅವಳು ಕೂರುವ ಮೊದಲೇ ಕೈ ಮುಗಿದ.

"ಬರೋಬರ್ ತೊಳದೀನಿ ಅನ್ಕೊಂಡಿದ್ದೆ ಮೇಡಂ. ಎಲ್ಲೋ ಚೂಕ್ ಆಗೇತಿ. ನಿಮ್ಮ ವರ್ಷದ ಮೆಹನತ್ ನನ್ನ ಕೈಯಾಗ ಹಾಳಾತು. ಮಾಫ್ ಮಾಡ್ರಿ."

ಅವನ ಹೆಂಡತಿ ಚಹಾ ತಂದಿಟ್ಟಳು. ಹೇಳಲು ಇದೇ ಹೊತ್ತು ಎಂದು ನಮ್ರತಾಳಿಗೆ ಗೊತ್ತಿತ್ತು. ಹೇಳಿದರೆ ತೋಳು ಕೈತಪ್ಪುತ್ತದೆ ಎಂಬುದೂ ಗೊತ್ತಿತ್ತು.

"ಇರ್ಲಿ ಬಿಡ್ರಿ, ನಾ ಏನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ" ಎಂದಳು.

ಶ್ರೀವತ್ಸನ ಕಣ್ಣು ತುಂಬಿ ಬಂತು. ಬಿಸಿಲಿನಲ್ಲಿ ಬಸ್ ಸ್ಟಾಪಿನವರೆಗೂ ಬಂದು, ಅವಳನ್ನು ಬಸ್ಸು ಹತ್ತಿಸಿಯೇ ತಿರುಗಿ ಹೋದ.